ಇದ್ದಿಲು ಗ್ಯಾಸಿನ ಮೋಟಾರು ಮತ್ತು ಅದರ ತಣಿಸುವ ಕೊಳವೆ: ಯುದ್ಧಕಾಲದ ಮೈಸೂರಿನ ಸಾರಿಗೆಯ ಒಂದು ಪಾರ್ಶ್ವ

ಯಂತ್ರವೊಂದು ಕಾರ್ಖಾನೆಯಿಂದ ಹೊರಬಿದ್ದೊಡನೆ ಅದರ ನಿರ್ಮಾಣವು ಮುಗಿಯಿತೆಂದು ಭಾವಿಸುವುದು ರೂಢಿ. ಆದರೆ ಯಂತ್ರಗಳ ಚರಿತ್ರೆಯನ್ನು ಪರ್ಯಾಲೋಚಿಸಿದವರಿಗೆ ಈ ಭಾವನೆ ಪೂರ್ಣ ಸತ್ಯವಲ್ಲವೆಂಬುದು ಬೇಗನೆ ಮನದಟ್ಟಾಗುತ್ತದೆ. ಒಂದು ದೇಶದ ಹವೆಗೂ ರಸ್ತೆಗೂ ಇಂಧನಕ್ಕೂ ಹೊಂದುವಂತೆ ರಚಿತವಾದ ಯಂತ್ರವು ಇನ್ನೊಂದು ದೇಶಕ್ಕೆ ಅಥವಾ ಇನ್ನೊಂದು ಕಾಲಕ್ಕೆ ಬಂದಾಗ, ಅದನ್ನು ಬಳಸುವವನೇ ಅದಕ್ಕೆ ಏನನ್ನಾದರೂ ಜೋಡಿಸಿ ಆ ನಿರ್ಮಾಣವನ್ನು ಪೂರೈಸಬೇಕಾಗುತ್ತದೆ. ಹೀಗೆ ಜೋಡಿಸಲ್ಪಟ್ಟ ವಸ್ತುಗಳಲ್ಲಿ ಶಾಖವನ್ನು ಕಳೆಯುವ ಉಪಕರಣಗಳಿಗೆ ವಿಶೇಷ ಸ್ಥಾನವುಂಟು.

ಇಂದಿನ ಒಂದು ಉದಾಹರಣೆಯಿಂದ ವಿಷಯವನ್ನು ಸ್ಪಷ್ಟಪಡಿಸಬಹುದು. ತಾನಾಗಿ ಗೇರು ಬದಲಿಸಿಕೊಳ್ಳುವ ಕಾರುಗಳು ಅಮೆರಿಕದಲ್ಲಿ 1940ರ ಮಾದರಿಯ ಓಲ್ಡ್ಸ್‌ಮೊಬೀಲ್ ಕಾರಿನೊಡನೆ ವಿಪುಲ ಪ್ರಮಾಣದಲ್ಲಿ ಮಾರಾಟಕ್ಕೆ ಬಂದವು. ಇಂಥ ಕಾರುಗಳಲ್ಲಿ ಹಲವು, ಎಂಜಿನ್ನಿನ ಶಕ್ತಿಯನ್ನು ಎಣ್ಣೆಯ ಮೂಲಕ ಗೇರುಪೆಟ್ಟಿಗೆಗೆ ಸಾಗಿಸುತ್ತವೆ. ಕಾರು ಭಾರ ಹೊತ್ತು ನಿಧಾನವಾಗಿ ಏರನ್ನು ಹತ್ತುವಾಗ ಈ ಶಕ್ತಿಯಲ್ಲಿ ಗಣನೀಯವಾದ ಒಂದು ಪಾಲು ಚಕ್ರವನ್ನು ಮುಟ್ಟದೆ ಎಣ್ಣೆಯನ್ನು ಕಾಯಿಸುವುದರಲ್ಲಿ ವ್ಯಯವಾಗುತ್ತದೆ. ಮಿತಿಮೀರಿ ಕಾದ ಎಣ್ಣೆ ಬೇಗ ಕೆಡುತ್ತದೆ. ಎಣ್ಣೆ ಕೆಟ್ಟರೆ ಗೇರುಪೆಟ್ಟಿಗೆಯೂ ಕೆಡುತ್ತದೆ. ಇದನ್ನು ತಡೆಯಲು ರೇಡಿಯೇಟರಿನೊಳಗೇ ಅಡಕವಾದ ಏರ್ಪಾಡು ಅನೇಕ ಕಾರುಗಳಲ್ಲಿದೆ. ಅದು ಸಾಲದೆಂದು ಕಂಡವರು ರೇಡಿಯೇಟರಿನ ಮುಂದೆ ಗಾಳಿ ತಾಗುವ ಸ್ಥಳದಲ್ಲಿ ಇನ್ನೊಂದು ಎಣ್ಣೆ ಕೂಲರನ್ನು ಹೊರಗಿನಿಂದ ತಂದು ಕೂಡಿಸುತ್ತಾರೆ. ಇದು ಕೇವಲ ಇಂದಿನ ಅನುಕೂಲಸ್ಥರ ಹವ್ಯಾಸವೆಂದು ತೋರಬಹುದು. ಆದರೆ ಮೋಟಾರಿಗೆ ಹೊರಗಿನಿಂದ ತಣಿಸುವ ಉಪಕರಣವನ್ನು ಜೋಡಿಸುವ ಕಾರ್ಯವು, ಹವ್ಯಾಸವಾಗಿ ಅಲ್ಲ, ಅನಿವಾರ್ಯವಾಗಿಯೇ ಮೈಸೂರು ಸೀಮೆಯಲ್ಲಿ ಒಮ್ಮೆ ನಡೆದಿತ್ತು. ಎರಡನೆಯ ಮಹಾಯುದ್ಧದ ಕಾಲದ ಇದ್ದಿಲು ಗ್ಯಾಸಿನ ಬಸ್ಸುಗಳ ಪ್ರಕರಣವೇ ಅದು. ಪ್ರಕೃತ ಲೇಖನದ ವಿಷಯವೂ ಅದೇ.

ಮೊದಲು ಆ ಕಾಲದ ಪರಿಸ್ಥಿತಿಯನ್ನು ಗಮನಿಸೋಣ. 1939ರ ಸೆಪ್ಟೆಂಬರಿನಲ್ಲಿ ಯೂರೋಪಿನಲ್ಲಿ ಯುದ್ಧವು ಪ್ರಾರಂಭವಾಯಿತು. ಮೈಸೂರಿನಲ್ಲಿ 1940ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ತೀರಿಕೊಂಡು ಜಯಚಾಮರಾಜ ಒಡೆಯರು ಪಟ್ಟವನ್ನೇರಿದರು. 1941ರಲ್ಲಿ ದಿವಾನ್ ಮಿರ್ಜಾ ಇಸ್ಮಾಯಿಲರು ಅಧಿಕಾರವನ್ನು ಬಿಟ್ಟ ಮೇಲೆ ಎನ್. ಮಾಧವರಾಯರು ದಿವಾನರಾದರು. ಅದೇ 1941ರಲ್ಲಿ ಭಾರತದಲ್ಲಿ ಪೆಟ್ರೋಲಿನ ಪಡಿತರ ಜಾರಿಗೆ ಬಂದಿತು. 1942ರ ಮಾರ್ಚಿಯಲ್ಲಿ ರಂಗೂನು ಜಪಾನೀಯರ ವಶವಾಯಿತು. ಬರ್ಮಾದ ಎಣ್ಣೆಯ ಬಾವಿಗಳು ಶತ್ರುವಿಗೆ ದಕ್ಕಬಾರದೆಂದು ಹಿಂದೆಗೆಯುತ್ತಿದ್ದ ಬ್ರಿಟಿಷರೇ ಅವುಗಳನ್ನು ನಾಶಮಾಡಿದರು. ಭಾರತಕ್ಕೆ ಅತಿ ಸಮೀಪದ ಎಣ್ಣೆಯ ಆಕರವೊಂದು ಹೀಗೆ ಕೈತಪ್ಪಿತು. ಉಳಿದ ಪೆಟ್ರೋಲಿನ ಮೇಲೆ ಸೈನ್ಯಕ್ಕೇ ಮೊದಲ ಹಕ್ಕು.

ಮೈಸೂರು ನಗರದ ಮಟ್ಟಿಗೆ ಇದರ ಪರಿಣಾಮವು ಎಲ್ಲ ದಿಕ್ಕುಗಳಲ್ಲಿಯೂ ಒಂದೇ ತೆರನಾಗಿರಲಿಲ್ಲ. ಬೆಂಗಳೂರಿನಿಂದ ಮೈಸೂರಿಗೆ 1882ರ ವೇಳೆಗೇ ರೈಲು ಬಂದಿತ್ತು. ನಂಜನಗೂಡು, ಚಾಮರಾಜನಗರಗಳಿಗೂ ಹಾಸನ, ಅರಸೀಕೆರೆಗಳಿಗೂ ರೈಲುಮಾರ್ಗಗಳಿದ್ದವು. ಆದರೆ ಹುಣಸೂರು, ಹೆಗ್ಗಡದೇವನಕೋಟೆ, ಗುಂಡ್ಲುಪೇಟೆ, ತಿರುಮಕೂಡಲು ನರಸೀಪುರ ಮೊದಲಾದ ತಾಲ್ಲೂಕು ಕೇಂದ್ರಗಳಿಗೆ ರೈಲು ಇರಲಿಲ್ಲ. ಆಗ ಪ್ರತ್ಯೇಕ ಆಡಳಿತದಲ್ಲಿದ್ದ ಕೊಡಗಿನ ಮಡಿಕೇರಿಗೂ ರೈಲು ಇರಲಿಲ್ಲ. ಇಲ್ಲೆಲ್ಲ ಎತ್ತಿನ ಗಾಡಿಯನ್ನು ಬಿಟ್ಟರೆ ಖಾಸಗಿ ಮಾಲೀಕರ ಬಸ್ಸೇ ಗತಿ. ಸರ್ಕಾರಿ ಸಾರಿಗೆ ಇನ್ನೂ ಹುಟ್ಟಿರಲಿಲ್ಲ. ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ ಸ್ಥಾಪಿತವಾದದ್ದು 1948ರ ಸೆಪ್ಟೆಂಬರ್ 12ರಂದು. ಆದಕಾರಣ ಪೆಟ್ರೋಲಿನ ಅಭಾವವನ್ನು ಎದುರಿಸುವ ಭಾರವು ಕೆಲವೇ ಬಸ್ಸುಗಳನ್ನುಳ್ಳ ಮಾಲೀಕರ ಮೇಲೂ ಅವರ ಡ್ರೈವರು, ಕ್ಲೀನರು, ಮೆಕ್ಯಾನಿಕ್‌ಗಳ ಮೇಲೂ ಬಿದ್ದಿತು. ಅವರು ಹಿಡಿದ ದಾರಿ ಇದ್ದಿಲು ಗ್ಯಾಸಿನದು.

ಈ ದಾರಿ ಮೈಸೂರಿನವರು ಕಂಡುಹಿಡಿದದ್ದಲ್ಲ. 1920ರ ದಶಕದಲ್ಲಿ ಜಾರ್ಜ್ ಇಂಬೆರ್ ಎಂಬ ಫ್ರೆಂಚ್ ರಸಾಯನ ಶಾಸ್ತ್ರಜ್ಞನು ವಾಹನದ ಮೇಲೆಯೇ ಸೌದೆಯಿಂದ ಗ್ಯಾಸನ್ನು ತಯಾರಿಸುವ ಒಲೆಯನ್ನು ರೂಪಿಸಿದ್ದನು. ಯುದ್ಧಕಾಲದಲ್ಲಿ ಸ್ವೀಡನ್ ದೇಶದಲ್ಲಿ 70 ಸಾವಿರಕ್ಕೂ ಮೇಲ್ಪಟ್ಟು, ಜರ್ಮನಿಯಲ್ಲಿ ಸುಮಾರು 5 ಲಕ್ಷ ವಾಹನಗಳು ಇಂಥ ಒಲೆಗಳಿಂದ ಓಡಿದವು. ಮೈಸೂರಿಗೆ ಅನುಕೂಲವಾಗಿದ್ದುದು ಇದ್ದಿಲು. ಅಕ್ಕಸಾಲಿಗರ ಮತ್ತು ಕಮ್ಮಾರರ ಕುಲುಮೆಗಳಿಂದ ಹಿಡಿದು ಇಸ್ತ್ರಿಪೆಟ್ಟಿಗೆಯವರೆಗೆ ಅದರ ಬಳಕೆಯಿತ್ತು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ 1923ರಿಂದ ಇದ್ದಿಲಿನಿಂದಲೇ ಅದಿರನ್ನು ಕರಗಿಸುತ್ತಿದ್ದರು. ಇದ್ದಿಲನ್ನು ಸುಡುವ ಕಸಬು, ಸಾಗಿಸುವ ವ್ಯಾಪಾರ, ಎರಡೂ ಸಂಸ್ಥಾನದಲ್ಲಿ ಬೇರೂರಿದ್ದವು.

ಇನ್ನು ಆ ಉಪಕರಣದ ಸ್ವರೂಪವನ್ನು ನೋಡೋಣ. ಬಸ್ಸಿನ ಹಿಂದೆ ಅಥವಾ ಪಕ್ಕದಲ್ಲಿ ಎತ್ತರವಾದ ತಗಡಿನ ಉರುಳೆ. ಅದರೊಳಗೆ ಮೇಲೆ ಇದ್ದಿಲು, ತಳದಲ್ಲಿ ಬೆಂಕಿ. ಇದ್ದಿಲು ಗಾಳಿಯ ಆಮ್ಲಜನಕದೊಡನೆ ಉರಿದು ಮೊದಲು ಇಂಗಾಲದ ಡೈಆಕ್ಸೈಡು ಉಂಟಾಗುತ್ತದೆ; ಅದು ನಿಗಿನಿಗಿ ಕೆಂಡದ ಮೂಲಕ ಹಾದುಹೋಗುವಾಗ ಇಂಗಾಲದ ಮಾನಾಕ್ಸೈಡಾಗಿ ಮಾರ್ಪಡುತ್ತದೆ. ಎಂಜಿನ್ನಿನಲ್ಲಿ ಉರಿಯುವುದು ಮುಖ್ಯವಾಗಿ ಇದೇ. ಇದ್ದಿಲಿನ ತೇವದಿಂದ ಸ್ವಲ್ಪ ಜಲಜನಕವೂ ಸೇರುತ್ತದೆ. ಆದರೆ ಗಾಳಿಯೊಡನೆ ಬಂದ, ಉರಿಯದ ಸಾರಜನಕವೇ ಗ್ಯಾಸಿನಲ್ಲಿ ಅರ್ಧಕ್ಕಿಂತ ಹೆಚ್ಚು. ಆದ್ದರಿಂದ ಪೆಟ್ರೋಲಿಗೆ ಹೋಲಿಸಿದರೆ ಇದು ಬಡ ಇಂಧನ. ಪೆಟ್ರೋಲ್ ಎಂಜಿನ್ನನ್ನು ಇದರಿಂದ ಓಡಿಸಿದಾಗ ಅದರ ಶಕ್ತಿ ಮೂರರಲ್ಲೊಂದು ಪಾಲು ಕುಗ್ಗುವುದು ಸಾಮಾನ್ಯ. ಅರ್ಧಕ್ಕೆ ಇಳಿಯುವುದೂ ಉಂಟು. ಇದರ ಮೇಲೆ, ಸುಮಾರು 770 ಮೀಟರು ಎತ್ತರದಲ್ಲಿರುವ ಮೈಸೂರಿನ ಗಾಳಿ ಸಮುದ್ರಮಟ್ಟದ ಗಾಳಿಗಿಂತ ನೂರಕ್ಕೆ ಏಳರಷ್ಟು ವಿರಳ. ಮಡಿಕೇರಿಯಲ್ಲಿ ಇನ್ನೂ ವಿರಳ. ಏರಿದಷ್ಟೂ ಎಂಜಿನ್ನಿಗೆ ಉಸಿರು ಕಡಿಮೆ.

ಈ ಬಡತನದ ನಡುವೆ ತಣಿಸುವ ಕೊಳವೆಯ ಮಹತ್ವವು ವ್ಯಕ್ತವಾಗುತ್ತದೆ. ಬೆಂಕಿಯ ನಡುವಿನಲ್ಲಿ ಉಷ್ಣತೆ ಸೆಂಟಿಗ್ರೇಡಿನ 1000 ಡಿಗ್ರಿಯನ್ನು ಮೀರಿರುತ್ತದೆ. ಅಲ್ಲಿಂದ ಹೊರಬರುವ ಗ್ಯಾಸಿನ ಉಷ್ಣತೆಯೂ ನೂರಾರು ಡಿಗ್ರಿ. ಅನಿಲವು ಕಾದಂತೆ ಹಿಗ್ಗುವುದೆಂಬುದು ಭೌತಶಾಸ್ತ್ರದ ಪ್ರಥಮ ಪಾಠಗಳಲ್ಲೊಂದು. 300 ಡಿಗ್ರಿಯ ಗ್ಯಾಸನ್ನು 30 ಡಿಗ್ರಿಗೆ ತಣಿಸಿದರೆ ಅದರ ಗಾತ್ರ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಎಂಜಿನ್ನಿನ ಸಿಲಿಂಡರು ಒಂದು ಹೊಡೆತಕ್ಕೆ ಎಳೆದುಕೊಳ್ಳುವ ಗಾತ್ರ ನಿಶ್ಚಿತವಾದುದರಿಂದ, ತಣಿದ ಗ್ಯಾಸಿನಲ್ಲಿ ಅದಕ್ಕೆ ಸುಮಾರು ಎರಡರಷ್ಟು ಇಂಧನ ದೊರೆಯುತ್ತದೆ. ಅರ್ಥಾತ್, ಕಷ್ಟಪಟ್ಟು ಹುಟ್ಟಿಸಿದ ಶಾಖದ ಒಂದು ಪಾಲನ್ನು ಗಾಳಿಗೆ ಚೆಲ್ಲಿದ ಹೊರತು ಉಳಿದುದು ಕೆಲಸಕ್ಕೆ ಬಾರದು. ಒಲೆಯಿಂದ ಎಂಜಿನ್ನಿನವರೆಗೆ ಬಳಸಿ ಬಳಸಿ ಬರುತ್ತಿದ್ದ ಉದ್ದನೆಯ ಕೊಳವೆಗಳು ನೋಡುವವರಿಗೆ ವಿಕಾರವಾಗಿ ಕಂಡಿದ್ದರೂ, ಬಸ್ಸು ಚಲಿಸುತ್ತಿದ್ದುದು ಅವುಗಳ ಪುಣ್ಯದಿಂದಲೇ ಎನ್ನಬಹುದು.

ತಣಿಸುವುದಕ್ಕೂ ಒಂದು ಮಿತಿಯುಂಟು. ಗ್ಯಾಸು ತಣಿದಂತೆ ಅದರೊಳಗಿನ ಆವಿ ನೀರಾಗಿ ಕೊಳವೆಯಲ್ಲಿ ನಿಲ್ಲುತ್ತದೆ. ಬೂದಿಯ ಧೂಳಿನೊಡನೆ ಬೆರೆತು ಕೆಸರಾಗುತ್ತದೆ. ಕೊಳವೆ ಅತಿ ಉದ್ದವಾದರೆ ಅಥವಾ ಸಣ್ಣದಾದರೆ ಎಂಜಿನ್ನಿಗೆ ಗ್ಯಾಸನ್ನು ಎಳೆದುಕೊಳ್ಳುವುದೇ ಕಷ್ಟವಾಗುತ್ತದೆ. ಆದ್ದರಿಂದ ಕೊಳವೆಯ ತಗ್ಗಿನಲ್ಲಿ ನೀರನ್ನು ಬಿಡುವ ಏರ್ಪಾಡು, ಮುಂದೆ ಧೂಳನ್ನು ಸೋಸುವ ಡಬ್ಬ, ಇವು ಬೇಕಾದವು. ಸೋಸದೆ ಬಿಟ್ಟ ಬೂದಿ ಸಿಲಿಂಡರನ್ನು ಸವೆಸುತ್ತದೆ. ಗೇರುಪೆಟ್ಟಿಗೆಯ ಎಣ್ಣೆಗೂ ಇದೇ ನ್ಯಾಯ: ಅತಿಯಾಗಿ ತಣಿದ ಎಣ್ಣೆ ಮಂದವಾಗಿ ಸರಾಗವಾಗಿ ಹರಿಯುವುದಿಲ್ಲ. ಎರಡು ಕಡೆಯಲ್ಲಿಯೂ ಪ್ರಶ್ನೆ ಶಾಖವನ್ನು ಕಳೆಯುವುದಷ್ಟೇ ಅಲ್ಲ, ಎಷ್ಟನ್ನು ಕಳೆಯಬೇಕೆಂಬುದು.

ಇಷ್ಟಾದ ಮೇಲೆ ಚರಿತ್ರೆಯ ವಿದ್ಯಾರ್ಥಿ ಕೇಳಬೇಕಾದ ಪ್ರಶ್ನೆ ಬೇರೆ. ಪೆಟ್ರೋಲು ಉಳಿಯಿತು, ನಿಜ. ಆದರೆ ಅದರ ಬೆಲೆಯನ್ನು ತೆತ್ತವರು ಯಾರು?

ಮೊದಲನೆಯವನು ಕ್ಲೀನರು. ಪೆಟ್ರೋಲ್ ಬಸ್ಸನ್ನು ಹಿಡಿಕೆ ತಿರುಗಿಸಿ ಹೊರಡಿಸಬಹುದಾಗಿತ್ತು. ಗ್ಯಾಸ್ ಬಸ್ಸಿಗಾದರೋ ಬೆಳಗಿನ ಜಾವದಲ್ಲಿಯೇ ಬೂದಿ ತೆಗೆದು, ಇದ್ದಿಲು ತುಂಬಿ, ಬೆಂಕಿ ಹೊತ್ತಿಸಿ, ಬೀಸುವ ಚಕ್ರವನ್ನು ಕೈಯಿಂದ ತಿರುಗಿಸುತ್ತ ಉರಿಯುವ ಗ್ಯಾಸು ಬರುವವರೆಗೆ ಕಾಯಬೇಕಾಗಿತ್ತು. ಇಂಗಾಲದ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಉಸಿರಾಡುವ ಗಾಳಿಯಲ್ಲಿ ಸಾವಿರಕ್ಕೊಂದು ಪಾಲು ಸೇರಿದರೂ ಪ್ರಾಣಾಪಾಯ. ಬಸ್ಸು ಓಡುತ್ತಿರುವಾಗ ಎಂಜಿನ್ನು ಗ್ಯಾಸನ್ನು ಒಳಕ್ಕೆ ಎಳೆಯುತ್ತಿರುವುದರಿಂದ ಸೋರಿಕೆ ಕಡಿಮೆ. ಹೊರಡುವ ಮುನ್ನ ಗಾಳಿ ಬೀಸುವಾಗ ಮತ್ತು ನಿಂತ ಮೇಲೆ ಒಲೆ ಇನ್ನೂ ಕನಲುತ್ತಿರುವಾಗ ಅಪಾಯ ಹೆಚ್ಚು. ಆ ಎರಡು ಹೊತ್ತಿನಲ್ಲಿಯೂ ಒಲೆಯ ಬಳಿ ಇರಬೇಕಾದವನು ಕ್ಲೀನರೇ.

ಎರಡನೆಯದಾಗಿ ಪ್ರಯಾಣಿಕರು. ಏರಿನಲ್ಲಿ ಬಸ್ಸು ನಿಂತಾಗ ಇಳಿದು ನಡೆಯುವುದು, ತಳ್ಳುವುದು, ಬಟ್ಟೆಗೆ ಮಸಿ ಮೆತ್ತಿಕೊಳ್ಳುವುದು ಆ ಪೀಳಿಗೆಯವರ ನೆನಪಿನಲ್ಲಿ ಹಾಸ್ಯದ ಪ್ರಸಂಗವಾಗಿ ಉಳಿದಿದೆ. ಹಾಸ್ಯವನ್ನು ಬದಿಗಿಟ್ಟು ನೋಡಿದರೆ ಅದೊಂದು ಲೆಕ್ಕ: ಎಂಜಿನ್ನಿನಲ್ಲಿ ಕಡಿಮೆಯಾದ ಶಕ್ತಿಯನ್ನು ಮನುಷ್ಯರ ಕಾಲುಗಳು ತುಂಬಿಕೊಟ್ಟವು.

ಮೂರನೆಯದು ಕಾಡು. ಒಂದು ಲೀಟರು ಪೆಟ್ರೋಲಿನ ಕೆಲಸಕ್ಕೆ ಸುಮಾರು ಒಂದೂವರೆ ಕಿಲೋ ಇದ್ದಿಲು ಬೇಕು. ಮಣ್ಣುಮುಚ್ಚಿ ಸುಡುವ ಹಳೆಯ ಪದ್ಧತಿಯಲ್ಲಿ ಒಂದು ಕಿಲೋ ಇದ್ದಿಲಿಗೆ ಐದಾರು ಕಿಲೋ ಸೌದೆ. ಮೈಸೂರಿನಿಂದ ಮಡಿಕೇರಿಗೆ ಸುಮಾರು 120 ಕಿಲೋಮೀಟರು. ಬಸ್ಸು ಲೀಟರಿಗೆ 5 ಕಿಲೋಮೀಟರು ಓಡುವುದೆಂದು ಇಟ್ಟುಕೊಂಡರೆ 24 ಲೀಟರಿಗೆ ಬದಲಾಗಿ 36 ಕಿಲೋ ಇದ್ದಿಲು, ಅದಕ್ಕೆ 180ರಿಂದ 216 ಕಿಲೋ ಸೌದೆ. ಇದು ಹೋಗುವುದಕ್ಕೆ ಮಾತ್ರ. ಸೌದೆಯ ಶಾಖದಲ್ಲಿ ಹೆಚ್ಚಿನ ಪಾಲು ಬಸ್ಸನ್ನು ಸೇರುವ ಮೊದಲೇ ಕಾಡಿನ ಇದ್ದಿಲು ಗೂಡಿನಲ್ಲಿ ಹೊಗೆಯಾಗಿ ಹೋಗುತ್ತಿತ್ತು. ತಣಿಸುವ ಕೊಳವೆ ಚೆಲ್ಲುತ್ತಿದ್ದ ಶಾಖ ಕಣ್ಣೆದುರಿನದು; ಗೂಡಿನಲ್ಲಿ ನಷ್ಟವಾಗುತ್ತಿದ್ದುದು ಪ್ರಯಾಣಿಕನಿಗೆ ಕಾಣದ್ದು.

ಯುದ್ಧವು 1945ರಲ್ಲಿ ಮುಗಿಯಿತು. ಕ್ರಮೇಣ ಪೆಟ್ರೋಲು ದೊರೆಯತೊಡಗಿ, ಮುಂದೆ ಡೀಸೆಲ್ ಎಂಜಿನ್ನು ಬಂದಮೇಲೆ ಗ್ಯಾಸಿನ ಒಲೆಗಳನ್ನು ಕಳಚಿಹಾಕಿದರು. ಆದರೆ ಆ ವಿದ್ಯೆ ನಾಡಿನಿಂದ ಪೂರ್ತಿ ಮರೆಯಾಗಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 1980ರ ದಶಕದಲ್ಲಿ ಸೌದೆಯ ಗ್ಯಾಸನ್ನು ಕುರಿತು ಸಂಶೋಧನೆ ನಡೆಸಿ, ಆ ದಶಕದ ಕೊನೆಯಲ್ಲಿ ತುಮಕೂರು ಜಿಲ್ಲೆಯ ಹೊಸಹಳ್ಳಿಯೆಂಬ ಗ್ರಾಮಕ್ಕೆ ಅದರಿಂದ ವಿದ್ಯುತ್ತನ್ನು ಒದಗಿಸಿದರು. ಅಲ್ಲಿಯೂ ಗ್ಯಾಸನ್ನು ಎಂಜಿನ್ನಿಗೆ ಬಿಡುವ ಮುನ್ನ ತಣಿಸಿ ಸೋಸುವುದು ಅತ್ಯವಶ್ಯವಾಗಿತ್ತು. ಕಾಲ ಬದಲಾದರೂ ನಿಯಮ ಬದಲಾಗಲಿಲ್ಲ.

ಈ ಪ್ರಕರಣದಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಒಂದು, ಯುದ್ಧಕಾಲದ ಸಾರಿಗೆಯ ಚರಿತ್ರೆಯು ಆಜ್ಞೆಗಳ ಮತ್ತು ಪಡಿತರ ಚೀಟಿಗಳ ಚರಿತ್ರೆ ಮಾತ್ರವಲ್ಲ. ಆಜ್ಞೆಯಿಂದ ಪೆಟ್ರೋಲನ್ನು ನಿಲ್ಲಿಸಬಹುದು, ಬಸ್ಸನ್ನು ಓಡಿಸಲಾಗದು. ಆ ಕಾರ್ಯವನ್ನು ನಿರ್ವಹಿಸಿದವರು ತಗಡನ್ನು ಬಾಗಿಸಿ, ಕೊಳವೆಯನ್ನು ಕೂಡಿಸಿ, ಎಷ್ಟು ಉದ್ದ ಸಾಕು, ಎಲ್ಲಿ ನೀರು ನಿಲ್ಲುತ್ತದೆ ಎಂಬುದನ್ನು ಕೈಯಿಂದ ಕಲಿತವರು. ಎರಡು, ಯಂತ್ರಕ್ಕೆ ಹೊರಗಿನಿಂದ ಜೋಡಿಸಿದ ಪ್ರತಿಯೊಂದು ಭಾಗವೂ ಒಂದು ಕೊರತೆಯ ದಾಖಲೆ. ಆ ಕೊರತೆ ಇಂಧನದ್ದಾಗಿರಬಹುದು, ರಸ್ತೆಯದಾಗಿರಬಹುದು, ಹವೆಯದಾಗಿರಬಹುದು. ಶಾಸನದ ಕಲ್ಲನ್ನು ಓದುವಷ್ಟೇ ಶ್ರದ್ಧೆಯಿಂದ ಇಂಥ ಭಾಗಗಳನ್ನೂ ಓದಬೇಕು.

ಆಡಳಿತ ವರದಿಗಳು ಗ್ರಂಥಾಲಯಗಳಲ್ಲಿ ಇನ್ನೂ ಬಹುಕಾಲ ಉಳಿಯುತ್ತವೆ. ಆದರೆ ಇದ್ದಿಲು ಬಸ್ಸಿನಲ್ಲಿ ಬಾಲ್ಯದಲ್ಲಿ ಪ್ರಯಾಣಮಾಡಿದವರು ಈಗ ಎಂಬತ್ತು ದಾಟಿದ ವೃದ್ಧರು. ಹುಣಸೂರು, ಗುಂಡ್ಲುಪೇಟೆ, ಮಡಿಕೇರಿಗಳ ಕಡೆಯಿಂದ ಕಾಲೇಜಿಗೆ ಬರುವ ವಿದ್ಯಾರ್ಥಿಗಳು ತಮ್ಮ ಮನೆಯ ಹಿರಿಯರನ್ನು ವಿಚಾರಿಸಿ, ಒಲೆ ಎಲ್ಲಿತ್ತು, ಕೊಳವೆ ಹೇಗಿತ್ತು, ಎಲ್ಲಿ ಇಳಿದು ನಡೆಯಬೇಕಾಗಿತ್ತು ಎಂಬುದನ್ನು ಬರೆದಿಡುವುದಾದರೆ, ವರದಿಗಳ ಅಂಕಿಗಳಿಗೆ ಅರ್ಥ ತುಂಬುವ ಸಾಮಗ್ರಿ ದೊರೆಯುತ್ತದೆ. ಈ ಕೆಲಸಕ್ಕೆ ಉಳಿದಿರುವ ಕಾಲಾವಕಾಶವು ಅಲ್ಪ. ಅಧ್ಯಾಪಕರು ಇದನ್ನು ಮನಗಂಡು ವಿದ್ಯಾರ್ಥಿಗಳನ್ನು ಬೇಗನೆ ಪ್ರೇರೇಪಿಸುವುದು ಉಚಿತ.