ಹಣಕಾಸು ಸಾಕ್ಷರತೆ: ಅಧ್ಯಯನಗಳ ಇತಿಹಾಸ

ಬಡ್ಡಿ, ಉಳಿತಾಯ, ಸಾಲ, ವಿಮೆಗಳ ಬಗ್ಗೆ ಜನರಿಗೆ ಏನು ತಿಳಿದಿದೆ, ತಿಳಿದದ್ದು ಬದುಕಿನಲ್ಲಿ ಎಷ್ಟು ಉಪಯೋಗಕ್ಕೆ ಬರುತ್ತದೆ ಎಂಬುದನ್ನು ಪರಿಶೀಲಿಸುವ ಅಧ್ಯಯನ ಕ್ಷೇತ್ರ. ವಿಶ್ವವಿದ್ಯಾಲಯಗಳಲ್ಲಿ ಇದು ಬೆಳೆದದ್ದು 21ನೇ ಶತಮಾನದಲ್ಲಿ. ಕರ್ನಾಟಕದ ಅನುಭವ ಅದಕ್ಕಿಂತ ಹಳೆಯದು: 1905ರಲ್ಲಿ ಗದಗ ಬಳಿಯ ಕಣಗಿನಹಾಳದಲ್ಲಿ ಸಹಕಾರಿ ಪತ್ತಿನ ಸಂಘ ಹುಟ್ಟಿತು, 1928ರಲ್ಲಿ ಉಡುಪಿಯಲ್ಲಿ ಟಿ.ಎಂ.ಎ. ಪೈ ಅವರ ಬ್ಯಾಂಕು ಮನೆಬಾಗಿಲಿಗೇ ಹೋಗಿ ದಿನಕ್ಕೆ ಎರಡಾಣೆ ಕಟ್ಟಿಸಿಕೊಳ್ಳುವ ಪಿಗ್ಮಿ ಠೇವಣಿ ಆರಂಭಿಸಿತು.

ಸಂಶೋಧಕರ ಕಣ್ಣು ಹಳ್ಳಿಯ ಹೆಣ್ಣುಮಕ್ಕಳತ್ತ ಹೊರಳಿದ್ದು ಸ್ವಸಹಾಯ ಗುಂಪುಗಳಿಂದ. 1980ರ ದಶಕದಲ್ಲಿ ಕರ್ನಾಟಕದಲ್ಲಿ ಮೈರಾಡ ಸಂಸ್ಥೆ ಕಟ್ಟಿದ ಗುಂಪುಗಳ ಅನುಭವದ ಬಲದಲ್ಲಿ ರಾಷ್ಟ್ರೀಯ ಕೃಷಿ ಮತ್ತು ಗ್ರಾಮೀಣಾಭಿವೃದ್ಧಿ ಬ್ಯಾಂಕ್ (ನಬಾರ್ಡ್) 1992ರಲ್ಲಿ ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಾಯೋಗಿಕ ಯೋಜನೆ ತಂದಿತು. ಗುಂಪುಗಳಿಗೆ ಸಾಲ ಕೊಡುವುದರಲ್ಲಿ ಬೀದರ್ ಜಿಲ್ಲಾ ಸಹಕಾರಿ ಕೇಂದ್ರ ಬ್ಯಾಂಕ್ ಹೆಸರು ಮಾಡಿತು.

2004ರಲ್ಲಿ ಅಮೆರಿಕದ ಅನ್ನಾಮರಿಯಾ ಲುಸಾರ್ಡಿ, ಒಲಿವಿಯಾ ಮಿಚೆಲ್ ಅವರು ಹಣಕಾಸು ತಿಳಿವಳಿಕೆ ಅಳೆಯಲು ಮೂರು ಪ್ರಶ್ನೆ ರೂಪಿಸಿದರು. ಮೊದಲನೆಯದು: ನೂರು ಡಾಲರಿಗೆ ವರ್ಷಕ್ಕೆ ಶೇ 2 ಬಡ್ಡಿಯಾದರೆ ಐದು ವರ್ಷಕ್ಕೆ 102ಕ್ಕಿಂತ ಹೆಚ್ಚಾಗುತ್ತದೆಯೇ? ಉಳಿದೆರಡು ಹಣದುಬ್ಬರ, ಷೇರು ಅಪಾಯಗಳ ಬಗ್ಗೆ. ಜಗತ್ತಿನ ಹಲವು ಸಮೀಕ್ಷೆಗಳಿಗೆ ಇವೇ ಅಳತೆಗೋಲಾದವು. ಭಾರತದಲ್ಲಿ ರಾಷ್ಟ್ರೀಯ ಹಣಕಾಸು ಶಿಕ್ಷಣ ಕೇಂದ್ರದ 2019ರ ಸಮೀಕ್ಷೆ ವಯಸ್ಕರಲ್ಲಿ ಶೇ 27ರಷ್ಟು ಮಂದಿಯನ್ನು ಮಾತ್ರ ಹಣಕಾಸು ಸಾಕ್ಷರರೆಂದು ಎಣಿಸಿತು.

ಅಳತೆಯಲ್ಲೇ ಒಂದು ತೊಡಕಿದೆ. ಬೀದರ್ ಜಿಲ್ಲೆಯ ಹುಮನಾಬಾದ ತಾಲ್ಲೂಕಿನ ಘಾಟಬೋರಾಳದಂಥ ಊರುಗಳ ಕಡೆ ಸಾವಕಾರ ವರ್ಷದ ಬಡ್ಡಿ ಹೇಳುವುದಿಲ್ಲ. ‘ಸೇಕಡಾ ಮೂರು’ ಎನ್ನುತ್ತಾನೆ. ಅಂದರೆ ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ, ವರ್ಷಕ್ಕೆ 36. ಹತ್ತು ಸಾವಿರಕ್ಕೆ ತಿಂಗಳಿಗೆ ಮುನ್ನೂರು ಎಂದು ಬಾಯಲ್ಲೇ ಲೆಕ್ಕ ಹಾಕುವಾಕೆ ವಾರ್ಷಿಕ ಶೇಕಡಾವಾರು ಬಡ್ಡಿಯ ಪ್ರಶ್ನೆಗೆ ತಡವರಿಸಿದರೆ ಅವಳನ್ನು ನಿರಕ್ಷರಿ ಎನ್ನುವುದು ಅವಸರದ ತೀರ್ಪು.

ಹಣಕಾಸಿನ ಪಾಠದಿಂದ ಪ್ರಯೋಜನವೇನು ಎಂಬ ಜಗಳವೂ ನಡೆದಿದೆ. 2014ರಲ್ಲಿ ಸಂಶೋಧಕರಾದ ಫರ್ನಾಂಡಿಸ್, ಲಿಂಚ್, ನೆಟ್‌ಮೇಯರ್ 201 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿ, ಜನರ ಹಣದ ನಡವಳಿಕೆಯಲ್ಲಿನ ವ್ಯತ್ಯಾಸದಲ್ಲಿ ತರಬೇತಿಯ ಪಾಲು ಶೇ 0.1 ಮಾತ್ರ ಎಂದರು. 2022ರಲ್ಲಿ ಟಿಮ್ ಕೈಸರ್ ಮತ್ತು ಸಂಗಡಿಗರು 76 ಯಾದೃಚ್ಛಿಕ ಪ್ರಯೋಗಗಳನ್ನು ಪರಿಶೀಲಿಸಿ, ಪಾಠ ಫಲ ಕೊಡುತ್ತದೆ ಎಂದು ವಾದಿಸಿದರು.

ಪಾಠವೊಂದೇ ಸಾಲದು: ತಿಳಿವಳಿಕೆ ಇದ್ದವರೂ ಸಾಲದ ಕಂತು ವಸೂಲಿಯ ಕಿರುಕುಳಕ್ಕೆ ಸಿಕ್ಕಿಬೀಳುತ್ತಾರೆ. ಇಂಥ ಕಿರುಕುಳ ತಡೆಯಲು ಕರ್ನಾಟಕ ಸರ್ಕಾರ ಫೆಬ್ರುವರಿ 2025ರಲ್ಲಿ ಸುಗ್ರೀವಾಜ್ಞೆ ತಂದು, ಬಲವಂತದ ಸಾಲ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ನಿಗದಿಪಡಿಸಿತು.