ಬೆಂಕಿಗೆ ಸಿಗದ ತೋಟ

ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿ ಒಂದು ಪುಟ್ಟ ಜಲವರ್ಣ ಚಿತ್ರವುಂಟು. ಎತ್ತರ ಸುಮಾರು 11 ಅಂಗುಲ, ಅಷ್ಟೆ. ಷೋರ್‌ಹ್ಯಾಮ್ ಎಂಬ ಹಳ್ಳಿಯ ತೋಟ; ಕಾಗದದ ತುಂಬ ಹೂ ಬಿರಿದು ನಿಂತ ಹಣ್ಣಿನ ಮರ; ಅದರಾಚೆ, ಕಾಲುದಾರಿಯ ಕೊನೆಯಲ್ಲಿ ಕೆಂಪು ಉಡುಪಿನ ಒಬ್ಬ ಹೆಂಗಸು. ಹೂಗಳಿಗೆ ಎಸಳಿಲ್ಲ, ಅಂಚಿಲ್ಲ. ಬಿಳಿಯನ್ನೂ ನಸುಗೆಂಪನ್ನೂ ಗೋಡೆಗೆ ಸುಣ್ಣ ಮೆತ್ತಿದಂತೆ ಮುದ್ದೆಮುದ್ದೆಯಾಗಿ ಇಟ್ಟಿದ್ದಾನೆ ಕಲೆಗಾರ. ಇದು 1829ರ ಸುಮಾರಿನ ಕೃತಿ. ಇಂಥ ಸ್ವಚ್ಛಂದ ಬಣ್ಣಗಾರಿಕೆಗೆ ಮುಂದೆ ಹೆಸರಾದ ಫ್ರಾನ್ಸಿನ ಮೋನೆ ಹುಟ್ಟಿದ್ದೇ 1840ರಲ್ಲಿ!

ಕಲೆಗಾರನ ಹೆಸರು ಸ್ಯಾಮ್ಯುಯಲ್ ಪಾಮರ್. ಹುಟ್ಟಿದ್ದು 1805ರಲ್ಲಿ, ಲಂಡನ್ನಿನಲ್ಲಿ. ಹದಿನಾಲ್ಕನೆಯ ವಯಸ್ಸಿಗೇ ರಾಯಲ್ ಅಕಾಡೆಮಿಯ ಪ್ರದರ್ಶನದಲ್ಲಿ ಈತನ ಚಿತ್ರಗಳಿದ್ದವು. 1824ರಲ್ಲಿ ಮುದುಕ ಕವಿ-ಕಲೆಗಾರ ವಿಲಿಯಂ ಬ್ಲೇಕ್‌ನನ್ನು ಕಂಡ ಮೇಲೆ ಹುಡುಗನ ಕಣ್ಣೇ ಬೇರೆಯಾಯಿತು. ನಗರವನ್ನು ಬಿಟ್ಟು ಕೆಂಟ್ ಪ್ರಾಂತದ ಷೋರ್‌ಹ್ಯಾಮ್ ಸೇರಿದ. ಅಲ್ಲಿ ಕಳೆದದ್ದು ಹತ್ತು ವರ್ಷಕ್ಕಿಂತ ಕಡಮೆ. ಆತನ ಹೆಸರು ನಿಂತಿರುವುದು ಆ ವರ್ಷಗಳ ಮೇಲೆಯೇ.

ವಿಚಿತ್ರವೆಂದರೆ ಆ ಚಿತ್ರಗಳಲ್ಲಿ ಬಹುಪಾಲನ್ನು ಅಂದಿನವರು ನೋಡಲೇ ಇಲ್ಲ. ಅವುಗಳನ್ನು ಪಾಮರ್ ಒಂದು ಕಟ್ಟಿನಲ್ಲಿಟ್ಟು, ಅದನ್ನು 'ಕುತೂಹಲದ ಕಟ್ಟು' ಎಂದು ಕರೆದುಕೊಂಡಿದ್ದ. ಮದುವೆ, ಮಕ್ಕಳು, ಮನೆಯ ಖರ್ಚು—ಮುಂದೆ ಮಾರಾಟವಾಗುವಂಥ ಅಚ್ಚುಕಟ್ಟಾದ ಚಿತ್ರಗಳನ್ನೇ ಬರೆದ. ಬರೆಯದೆ ಏನು ಮಾಡಿಯಾನು? 1881ರಲ್ಲಿ ತೀರಿಕೊಂಡ.

ಇನ್ನು ಆತನ ಮಗ ಆಲ್ಫ್ರೆಡ್ ಹರ್ಬರ್ಟ್ ಪಾಮರನ ಮಾತು. 1892ರಲ್ಲಿ ತಂದೆಯ ಜೀವನಚರಿತ್ರೆಯನ್ನೂ ಪತ್ರಗಳನ್ನೂ ಶ್ರದ್ಧೆಯಿಂದ ಪ್ರಕಟಿಸಿದವನು ಈತ. ಅದೇ ಕೈ 1909ರಲ್ಲಿ, ಕೆನಡಾಕ್ಕೆ ಹೊರಡುವ ಮುನ್ನ, ತಂದೆಯ ನೋಟ್‌ಪುಸ್ತಕಗಳನ್ನೂ ಚಿತ್ರಗಳನ್ನೂ ರಾಶಿರಾಶಿಯಾಗಿ ಬೆಂಕಿಗಿಟ್ಟಿತು. ಆ ಉರಿ ದಿನಗಟ್ಟಲೆ ಆರಲಿಲ್ಲವಂತೆ. ಇವು ಯಾರಿಗೂ ಅರ್ಥವಾಗವು, ಪರರ ಕೈಯಲ್ಲಿ ಅವಮಾನಕ್ಕೀಡಾಗುವುದಕ್ಕಿಂತ ಸುಡುವುದೇ ಲೇಸು ಎಂಬುದು ಆತನ ಸಮಜಾಯಿಷಿ. ತಂದೆಯ ಮೇಲೆ ದ್ವೇಷವಿದ್ದವನು ಹೀಗೆ ಮಾಡಿದ್ದರೆ ನಮಗೆ ಅರ್ಥವಾಗುತ್ತಿತ್ತು; ಇವನದು ಪ್ರೀತಿ! ನನಗಂತೂ ಇವನನ್ನು ಮನಸಾರೆ ಬಯ್ಯಲೂ ಆಗುವುದಿಲ್ಲ, ಕ್ಷಮಿಸಲೂ ಆಗುವುದಿಲ್ಲ.

ಹದಿನೇಳು ವರ್ಷಗಳ ಅನಂತರ, 1926ರಲ್ಲಿ, ಮೇಲೆ ಹೇಳಿದ ಸಂಗ್ರಹಾಲಯವೇ ಪಾಮರ್ ಮತ್ತು ಬ್ಲೇಕನ ಇತರ ಶಿಷ್ಯರ ಚಿತ್ರಗಳ ಪ್ರದರ್ಶನ ನಡೆಸಿತು. ಯಾರಿಗೂ ಅರ್ಥವಾಗದೆಂದಿದ್ದ ಕಲೆಯಿಂದ ಗ್ರಹಾಂ ಸದರ್ಲೆಂಡ್‌ನಂಥ ತರುಣ ಕಲೆಗಾರರು ಸ್ಫೂರ್ತಿ ಪಡೆದರು. ಬೆಲೆ ಏರಿತು. ಆದರೆ ಸುಟ್ಟದ್ದು ಏನು, ಎಷ್ಟು ಎಂಬ ಪೂರ್ಣ ಪಟ್ಟಿ ಯಾರ ಬಳಿಯೂ ಇರಲಿಲ್ಲ. ಷೋರ್‌ಹ್ಯಾಮಿನ ಅಜ್ಞಾತ ಚಿತ್ರವೊಂದು ಎಲ್ಲಿಂದಲೋ ಹೊರಬಿತ್ತೆಂದರೆ ಅದನ್ನು ನಂಬುವುದಕ್ಕೆ ಆ ಬೂದಿಯೇ ಅವಕಾಶ ಮಾಡಿಕೊಟ್ಟಿತೆಂದು ನನ್ನ ಊಹೆ. 1976ರಲ್ಲಿ, ಮಾರಾಟಕ್ಕೆ ಬಂದಿದ್ದ ಅಂಥ ಹದಿಮೂರು 'ಪಾಮರ್' ಚಿತ್ರಗಳ ಬಗೆಗೆ 'ದಿ ಟೈಮ್ಸ್' ಪತ್ರಿಕೆ ಸಂದೇಹವೆತ್ತಿತು. ಟಾಮ್ ಕೀಟಿಂಗ್ ಎಂಬ ಚಿತ್ರ ದುರಸ್ತಿಗಾರ ಅವು ತನ್ನ ಕೈಯವೆಂದು ಒಪ್ಪಿಕೊಂಡ. 1979ರಲ್ಲಿ ನಡೆದ ಮೊಕದ್ದಮೆ ಆತನ ಅನಾರೋಗ್ಯದಿಂದಾಗಿ ಅರ್ಧಕ್ಕೇ ನಿಂತಿತು.