ಕೊಡದ ಮ್ಯಾಲಿನ ಹೆಸರು

ಹ್ವಾದ ವರ್ಷ ದೀಪಾವಳಿ ಮುಂದ ತವರಮನ್ಯಾಗ ಅಟ್ಟದ ಮ್ಯಾಲಿನ ಸಾಮಾನು ಎಲ್ಲಾ ಕೆಳಗ ಇಳಿಸಿದ್ವಿ. ಅಪ್ಪ ತೀರಿಕೊಂಡು ಆಗ ಎಂಟು ತಿಂಗಳಾಗಿತ್ತು. ತಮ್ಮನ ಹೇಣ್ತಿ ಹಳೇ ತಾಮ್ರ ಹಿತ್ತಾಳಿ ಒಂದ ಕಡೆ ಗುಡ್ಡಿ ಹಾಕಿ, "ಅಕ್ಕಾರ, ನಿಮಗ ಬೇಕಾದ್ದು ತಗೊಂಡಬಿಡ್ರಿ, ಉಳದದ್ದು ಮೋಡಕಾಕ್ಕ ಹಾಕೂಣು" ಅಂದ್ಲು. ಆಕೀದೇನೂ ತಪ್ಪಿಲ್ಲ. ಇಟ್ಟುಕೊಂಡು ಯಾರು ತಿಕ್ಕಬೇಕು?

ಅದರಾಗ ಒಂದು ತಾಮ್ರದ ಕೊಡ ಇತ್ತು, ಕಂಠದ ಹತ್ರ ನೆಗ್ಗಿದ್ದು. ನಾವು ಸಣ್ಣವರಿದ್ದಾಗ ಬಿತ್ತಾಕ ಇಟ್ಟ ಹೆಸರುಕಾಳಿಗೆ ಬೂದಿ ಕಲಸಿ ಅದರಾಗ ತುಂಬಿಡತಿದ್ರು. ಹುಣಸಿಹಣ್ಣು ಉಪ್ಪು ಹಚ್ಚಿ ತಿಕ್ಕಿದೆ. ಕಪ್ಪು ಬಿಟ್ಟಂಗ ಬಿಟ್ಟಂಗ ಚುಕ್ಕಿ ಚುಕ್ಕಿ ಅಕ್ಷರ ಕಂಡ್ವು. ಕಂಚಗಾರರು ಉಳಿ ಬಡದು ಹೆಸರು ಹಾಕತಿದ್ರಲ್ಲ, ಆ ತರಹದ್ದು. ಸವದಿದ್ವು, ಓದಾಕ ಬರಲಿಲ್ಲ. ಆಗ ಒಂದು ಉಪಾಯ ಮಾಡಿದೆ, ನೀವೂ ಮಾಡಿ ನೋಡ್ರಿ: ಕೊಡ ಪೂರಾ ಒಣಗಿಸಿ, ಆ ಜಾಗಾಕ್ಕ ವಿಭೂತಿ ತಿಕ್ಕಿ, ಮ್ಯಾಲಿಂದ ಅರಿವಿಲೆ ಮೆಲ್ಲಕ ಒರಿಸಬೇಕು. ಚುಕ್ಕಿಯೊಳಗ ಬಿಳೀದು ಉಳೀತೈತಿ. ಮೊಬೈಲಿನ ಬ್ಯಾಟರಿ ಬೆಳಕು ಎದುರಿಗೆ ಅಲ್ಲ, ಮಗ್ಗಲಿಂದ ಹಿಡಿಬೇಕು.

ಮೂರು ಶಬ್ದ ಇದ್ವು. ಒಂದು ಹೆಣ್ಣಿನ ಹೆಸರು, ಅದರ ಮುಂದ ನಮ್ಮ ಮುತ್ತಜ್ಜನ ಹೆಸರು, ಆಮ್ಯಾಲ ನಮ್ಮ ಅಡ್ಡಹೆಸರು. ಮುತ್ತಜ್ಜನ ಹೇಣ್ತಿ ಹೆಸರು ನಮಗ ಗೊತ್ತೈತಿ, ಹಳೇ ಉತಾರದಾಗ ಬಂದೈತಿ. ಇದು ಅದಲ್ಲ. ನಮ್ಮ ಮನ್ಯಾಗ ಈ ಹೆಸರು ಯಾರಿಗೂ ಇಟ್ಟಿಲ್ಲ, ಯಾರೂ ಕೇಳಿಲ್ಲ. ಹಂಗಾರ ಇಕಿ ಯಾರು? ಆ ಹೆಸರು ನಾನು ಇಲ್ಲೆ ಬರಿಯೂದಿಲ್ಲ, ಯಾಕಂತ ಮುಂದ ಹೇಳತೀನಿ. ನಮ್ಮ ಮಕ್ಕಳು ಆಕಿಗೆ "ಕೊಡದ ಆಯಿ" ಅಂತ ಹೆಸರಿಟ್ಟಾರ, ನಾನೂ ಹಂಗ ಕರೀತೀನಿ.

ಅದ ವಾರ ತಮ್ಮ ವಾರಸಾ ಮಾಡಿಸೂ ಕಾಗದ ತಂದಿದ್ದ. ಅಪ್ಪನ ಹೆಸರಿನ ಹೊಲ ತನ್ನ ಹೆಸರಿಗೆ ಆಗಬೇಕಂದ್ರ ವಂಶಾವಳಿ ಬೇಕು. ಮುತ್ತಜ್ಜನಿಂದ ಹಿಡದು ಗಿಡದಂಗ ಟೊಂಗಿ ತಗದು ಬರದಿದ್ದ. ಮುತ್ತಜ್ಜನ ಕೆಳಗ ಮೂರು ಗಂಡು, ನಮ್ಮ ಅಜ್ಜನ ಕೆಳಗ ಎರಡು ಗಂಡು, ಅಪ್ಪನ ಕೆಳಗ ತಮ್ಮ. ಕಡೀಕ ಒಂದು ಮೂಲ್ಯಾಗ ನಾನು, ನನ್ನ ತಂಗಿ, "ಲಗ್ನವಾದ ಹೆಣ್ಣುಮಕ್ಕಳು" ಅಂತ. ಅದರ ಜೋಡಿ ಹಕ್ಕು ಬಿಡುಗಡಿ ಪತ್ರ, ಇಬ್ಬರೂ ಸಹಿ ಮಾಡಾಕ. ನಾನು ಕೊಡದ ಹೆಸರು ತೋರಿಸಿ, "ಇಕೀನ ಎಲ್ಲಿ ಬರದಿ?" ಅಂತ ಕೇಳಿದೆ. ತಮ್ಮ ನಕ್ಕು, "ಮುತ್ತಜ್ಜಗ ಎರಡನೇ ಹೇಣ್ತಿ ಇದ್ದಿರಬೇಕು ಬಿಡಕ್ಕ" ಅಂದ.

ಬಿಡಾಕ ಮನಸ್ಸು ಬರಲಿಲ್ಲ.

ನಮ್ಮ ಮನಿತನದ್ದು ಬರದಿಟ್ಟವರು ಯಾರಾರ ಇದ್ರ ಹೆಳವರು. ಬಾಗಲಕೋಟಿ, ವಿಜಾಪುರ, ಬೆಳಗಾವಿ ಕಡೆದವರಿಗೆ ನಾನೇನು ಹೇಳೂದು ಬ್ಯಾಡ, ಆದ್ರ ನಮ್ಮ ಬೆಂಗಳೂರು ಸೊಸ್ಯಾರಿಗೆ ಗೊತ್ತಿಲ್ಲ. ಹೆಳವ ಅಂದ್ರ ಕಾಲಿಲ್ಲದಾಂವ ಅಂತ ಅರ್ಥ. ಮೊದಲ ಎತ್ತಿನ ಮ್ಯಾಲ ಕುಂತು, ಕಾಲ ಮ್ಯಾಲ ಕಂಬಳಿ ಹೊತ್ತು ಬರತಿದ್ರು. ಮನಿ ಮುಂದ ನಿಂತು ಆ ಮನಿ ಹಿರೇರ ಹೆಸರು, ಯಾವ ಊರಿಂದ ಬಂದ್ರು, ಯಾರಿಗೆ ಎಷ್ಟು ಮಕ್ಕಳು, ಎಲ್ಲಾ ಒಂದ ಉಸಿರಿನ್ಯಾಗ ಹೇಳವರು. 1909ರಾಗ ಅಚ್ಚಾದ ಥರ್ಸ್ಟನ್ ಸಾಹೇಬನ ಜಾತಿಗಳ ಪುಸ್ತಕದಾಗೂ ಬಳ್ಳಾರಿ ಕಡೆ ಹೆಳವರು ಎತ್ತಿನ ಮ್ಯಾಲ ಕಾಲು ಮುಚ್ಚಿಕೊಂಡು ಬಂದು ಮನಿ ಮನಿ ಚರಿತ್ರಿ ಹೇಳತಾರ ಅಂತ ಐತಿ. ಈಗ ಟೆಂಪೋದಾಗ ಬರತಾರ, ದಪ್ಪ ದಪ್ಪ ವಹಿ ತರತಾರ. ಜ್ವಾಳ, ಅರಿವಿ, ರೊಕ್ಕ ಕೊಟ್ಟು ಕಳಸೂದು ಪದ್ಧತಿ. ನಮ್ಮಪ್ಪ ಒಂದ್ಸಲ ಹೋರಿಗರಾನ ಕೊಟ್ಟಿದ್ದ.

ನಮ್ಮ ಹೆಳವರಿಗೆ ಫೋನ್ ಮಾಡಿಸಿದೆ. ಸುಗ್ಗಿ ಮುಗದ ಮ್ಯಾಲ ಬಂದ್ರು. ವಯಸ್ಸಾದವರು, ಕನ್ನಡಕಕ್ಕ ದಾರ ಕಟ್ಟಿಕೊಂಡಿದ್ರು. ವಹಿ ಬಿಚ್ಚಿ ಮುತ್ತಜ್ಜನ ಹಾಳಿ ತಗದ್ರು. ಹೇಣ್ತಿ ಒಬ್ಬಾಕಿ, ಆಕಿ ತವರೂರ ಹೆಸರು ಸಹಿತ ಐತಿ. ಗಂಡು ಮೂರು, ಹೆಸರು ಮೂರು. ಅದರ ಕೆಳಗ "ಹೆಣ್ಣು 1".

ಅಷ್ಟ. ಒಂದು ಅಂತ ಎಣಿಸ್ಯಾರ, ಹೆಸರಿಲ್ಲ.

ನಾನು ಸ್ವಲ್ಪ ಸಿಟ್ಟಿಲೆನ ಕೇಳಿದೆ, "ಅಜ್ಜಾರ, ಗಂಡಿನ ಹೆಸರು ಬರದು ಹೆಣ್ಣಿನ ಹೆಸರು ಯಾಕ ಬಿಟ್ರಿ?" ಅವರು ಬ್ಯಾಸರ ಮಾಡಿಕೊಳ್ಳಲಿಲ್ಲ. "ಅವ್ವಾರ, ಆಕಿ ನಮ್ಮ ಪಾಲಿನ ಮನ್ಯಾಗ ಉಳಿಯಾಕಿ ಅಲ್ಲ. ಕೊಟ್ಟ ಮನಿಗೆ ಬ್ಯಾರೆ ಹೆಳವ ಇರತಾನ. ಆಕಿ ಹೆಸರು ಅವನ ವಹ್ಯಾಗ ಇರತೈತಿ, ಇಂಥಾ ಊರಿಂದ ತಂದದ್ದು ಅಂತ" ಅಂದ್ರು. ನಮ್ಮ ಅವ್ವನ ಹೆಸರು ನಮ್ಮ ವಹ್ಯಾಗ ಐತಿ, ಆಕಿ ಹುಟ್ಟಿದ ಮನಿ ವಹ್ಯಾಗ ಇಲ್ಲ. ನನ್ನ ಹೆಸರು ನನ್ನ ಗಂಡನ ಮನಿ ವಹ್ಯಾಗ ಐತಂತ. ನಾನು ಎಂದೂ ಹೋಗಿ ನೋಡಿಲ್ಲ.

ಅವರ ಲೆಕ್ಕದಾಗ ಇದು ಸರಿನ. ಆದ್ರ ಮಗಳನ್ನ ಹುಡಕಾಕ ಹೊಂಟಾವರಿಗೆ ಮೊದಲ ಆಕೀನ ಎಲ್ಲೆ ಕೊಟ್ಟಿದ್ರು ಅಂತ ಗೊತ್ತಿರಬೇಕಲ್ಲ. ಅದನ್ನ ಹೇಳಾಕಿ ನಮ್ಮ ದೊಡ್ಡವ್ವ. ತೊಂಬತ್ತರ ಹತ್ರ ವಯಸ್ಸು, ಮುಂಜಾನೆ ತಿಂದದ್ದು ನೆನಪಿರೂದಿಲ್ಲ, ಆದ್ರ ಬೀಗರ ಊರು ಕೇಳ್ರಿ, ಎಲ್ಲಾ ಹೇಳತಾಳ. ಮಲಪ್ರಭಾ ದಂಡಿ ಮ್ಯಾಲಿನ ಒಂದು ಹಳ್ಳಿ ಹೆಸರು ಹೇಳಿ, "ಆ ಊರಿಗೆ ನಮ್ಮ ಮನಿಯವರು ಹೆಣ್ಣು ಕೊಡೂದಿಲ್ಲ, ತರೂದಿಲ್ಲ. ಅತ್ತಿ ಹೇಳಿದ್ಲು, ಯಾಕಂತ ಹೇಳಲಿಲ್ಲ" ಅಂದ್ಲು. ಮುಚ್ಚಿದ ಬಾಗಿಲಾನ ಹಾದಿ ತೋರಿಸಿತು.

ಆ ಊರ ಹೆಳವರನ್ನ ಹಿಡಿಯಾಕ ಎರಡು ತಿಂಗಳು ಹಿಡೀತು. (ನಡುವ ಊರಿನ ಹುಟ್ಟು-ಸಾವಿನ ದಫ್ತರ ಕೇಳಿದೆ, ಅಷ್ಟು ಹಳೇದು ಸಿಗಲಿಲ್ಲ. ಟ್ರಂಕಿನ ಕಾಗದದಾಗ ಅರ್ಧ ಮೋಡಿ ಲಿಪಿ, ಓದವರಿಲ್ಲ.) ಅವರ ವಹ್ಯಾಗ ಆಕಿ ಹೆಸರು ಇತ್ತು! ನಮ್ಮೂರ ಹೆಸರೂ ಇತ್ತು. ಗಂಡನ ಹೆಸರಿನ ಮಗ್ಗಲಕ "ಸಂತಾನ ಇಲ್ಲ, ದೊಡ್ಡ ಜ್ವರದಾಗ ಹ್ವಾದ" ಅಂತ ಇತ್ತು. ಅದ ಹಾಳ್ಯಾಗ ಅವನ ಅಣ್ಣ, ಅಣ್ಣನ ಹೇಣ್ತಿ, ಇಬ್ಬರೂ ಅದ ಜ್ವರದಾಗ.

ದೊಡ್ಡ ಜ್ವರ ಅಂದ್ರ 1918ರ ಇನ್‌ಫ್ಲುಯೆಂಜಾ. ನಾವು ಕೊರೊನಾ ಕಂಡವರು, ನಮಗ ತುಸು ತಿಳೀತೈತಿ. ಮುಂಬಯಿಗೆ ಜೂನದಾಗ ಬಂತು, ಸಪ್ಟಂಬರ-ಅಕ್ಟೋಬರದಾಗ ಎರಡನೇ ಸಲ ಬಂದದ್ದು ಭಾಳ ಕೆಟ್ಟದ್ದು. ಆಗ ನಮ್ಮ ಸೀಮಿ ಮುಂಬಯಿ ಇಲಾಖೆಗೆ ಸೇರಿತ್ತು. ಆ ಇಲಾಖೆ ಒಂದರಾಗ 10 ಲಕ್ಷಕ್ಕಿಂತ ಹೆಚ್ಚು ಮಂದಿ ಸತ್ರು. ಅದ ವರ್ಷ ಮಳಿನೂ ಕೈ ಕೊಟ್ಟಿತ್ತು. ಮುದುಕರು ಕೂಸುಗಳಿಗಿಂತ 20ರಿಂದ 40 ವಯಸ್ಸಿನ ಗಟ್ಟಿ ಮಂದಿನ ಹೆಚ್ಚು ಹೋದ್ರು, ಅದರಾಗೂ ಹೆಂಗಸರು ಜಾಸ್ತಿ. ಜಡ್ಡಾದವರ ಸೇವಾ ಮಾಡವರು ಯಾರು, ಹಸದು ಉಳಿಯವರು ಯಾರು, ನಿಮಗ ಬ್ಯಾರೆ ಹೇಳಬೇಕಾ? 1921ರ ಜನಗಣತ್ಯಾಗ ದೇಶದ ಮಂದಿ ಹೆಚ್ಚಾಗೂದು ಬಿಟ್ಟು ಕಡಿಮಿ ಆಗಿತ್ತು.

ಲೆಕ್ಕ ಹಾಕಿದ್ರ ಕೊಡದ ಆಯಿಗೆ ಆಗ ಹದಿನಾರರ ಆಸುಪಾಸು. ಆ ವಹ್ಯಾಗ ಆಕಿ ಕಥಿ ಅಲ್ಲಿಗೆ ಮುಗೀತು. ಹೆಳವರು ವಹಿ ಮುಚ್ಚಿ, ತುಸು ತಡದು, "ಆಕಿ ಉಡಿಕಿ ಆಗಿ ಹ್ವಾದಳಂತ ನಮ್ಮ ಹಿರೇರು ಹೇಳತಿದ್ರು. ಗಿರಣಿ ಊರಿಗೆ" ಅಂದ್ರು.

ಉಡಿಕಿ ಅನ್ನೂ ಮಾತು ಈಗಿನ ಹುಡಿಗ್ಯಾರಿಗೆ ಗೊತ್ತಿಲ್ಲ. ಗಂಡ ಸತ್ತಾಕಿ, ಇಲ್ಲಾ ಬಿಟ್ಟು ಬಂದಾಕಿ ಮತ್ತೊಬ್ಬನ ಜೋಡಿ ಸಂಸಾರ ಹೂಡೂದು. ಹಂದರ ಇಲ್ಲ, ವಾಲಗ ಇಲ್ಲ, ಸೀರಿ ಉಡಿಸಿ ಕಳಸೂದು, ಮುಗೀತು. ನಮ್ಮ ಕಡೆ ಒಕ್ಕಲತನದ ಮನಿಗಳಾಗ ಇದು ನಡದು ಬಂದ ಪದ್ಧತಿ. ಬ್ರಿಟಿಷರು 1856ರಾಗ ವಿಧವಾ ವಿವಾಹದ ಕಾಯ್ದೆ ಮಾಡೂಕಿಂತ ಮೊದಲಿಂದ ಇದ್ದದ್ದು. ಆ ಕಾಯ್ದೆ ಒಳ್ಳೇದು ಅಂತ ನಾವು ಸಾಲ್ಯಾಗ ಓದೀವಿ. ಅದರಾಗನ ಇನ್ನೊಂದು ಮಾತು ಐತಿ: ಮತ್ತೊಂದು ಮದುವಿ ಆದಾಕಿಗೆ ಮೊದಲ ಗಂಡನ ಆಸ್ತಿ ಮ್ಯಾಲಿನ ಹಕ್ಕು ಹೋಗತೈತಿ, ಸತ್ತಾಕಿ ಲೆಕ್ಕ. ಹಿಂಗಾಗಿ ಉಡಿಕಿ ಆದಾಕಿ ಮೊದಲಿನ ಮನಿ ಉತಾರದಾಗ ಸಿಗೂದಿಲ್ಲ. ತವರಿನ್ಯಾಗ ಮಗಳಿಗೆ ಪಾಲಿರಲಿಲ್ಲ, ಅಲ್ಲೂ ಸಿಗೂದಿಲ್ಲ. ಮುಂದ ಮನಿತನಗಳು ಮ್ಯಾಲೆ ಬಂದಂಗ, ನಮ್ಮ ಮನ್ಯಾಗ ಉಡಿಕಿ ಆಗಿತ್ತು ಅಂತ ಹೇಳಾಕ ನಾಚಿದ್ರು. ಬಾಯಾಗಿನ ಹೆಸರೂ ಹೋತು. ಉಳದದ್ದು ತವರಿನವರು ಕೊಟ್ಟ ತಾಮ್ರದ ಕೊಡ. ಆಕಿ ಕೈಬೀಸಿಕೊಂಡು ಹ್ವಾದಾಗ ಅದು ತವರಿಗೆ ತಿರುಗಿ ಬಂದಿರಬೇಕು, ಇದು ನನ್ನ ಅಂದಾಜು.

ಗಿರಣಿ ಊರು ಅಂದ್ರ ಗೋಕಾಕ ಫಾಲ್ಸೂ ಆಗಬಹುದು, ಸೊಲ್ಲಾಪುರನೂ ಆಗಬಹುದು. ಸೊಲ್ಲಾಪುರದಾಗ 1870ರ ದಶಕದಾಗನ ಹತ್ತಿ ಗಿರಣಿ ಸುರು ಆಗಿತ್ತು. ಗದಗಿನಿಂದ ಬದಾಮಿ, ಬಾಗಲಕೋಟಿ, ವಿಜಾಪುರ ದಾಟಿ ಹೊಟಗಿಗೆ ಹೋಗೂ ರೈಲು ಹಾದಿ 1880ರ ದಶಕದಾಗ ಬಂತು. ಬರ ಬಿದ್ದಾಗೆಲ್ಲಾ ನಮ್ಮ ಮಂದಿ ಆ ರೈಲು ಹತ್ತಿ ಗಿರಣಿಗೆ ಹೋಗತಿದ್ರು. ಹೋದವರು ಅಲ್ಲಿ ತಮ್ಮ ಹಳ್ಳಿ ಹೆಸರನ್ನ ಅಡ್ಡಹೆಸರು ಮಾಡಿಕೊಳ್ಳತಿದ್ರು. ಇದು ನನಗ ಕೀಲಿ ಆತು. ಮಲಪ್ರಭಾ ದಂಡಿ ಮ್ಯಾಲಿನ ಆ ಊರು, ಮಗ್ಗಲಿನ ಐದಾರು ಊರು, ಇವುಗಳ ಹೆಸರು ಚೀಟಿ ಮ್ಯಾಲ ಬರದು, ಸೊಲ್ಲಾಪುರಕ್ಕ ಕೊಟ್ಟ ನನ್ನ ಚಿಗವ್ವನ ಮಗಳಿಗೆ ಕಳಿಸಿದೆ. ಆಕಿ ಹಳೇ ಗಿರಣಿ ಓಣಿ ಹೆಂಗಸರ ಕೈಯಾಗ ಕೇಳಿಸಿದ್ಲು. ಹೆಂಗಸರ ಸುದ್ದಿಗಿಂತ ದೊಡ್ಡ ದಫ್ತರ ನಾ ಕಂಡಿಲ್ಲ. ಹದಿನೈದು ದಿನದಾಗ ಫೋನ್ ಬಂತು.

ಈ ಸಂಕ್ರಮಣಕ್ಕ ಸಿದ್ಧರಾಮನ ಜಾತ್ರಿ ನೆವಾ ಮಾಡಿ ಹೋದೆ. ಬಾಗಲಾ ತಗದಾಕಿ ನನಗಿಂತ ಐದಾರು ವರ್ಷ ದೊಡ್ಡಾಕಿ, ಕೊಡದ ಆಯಿ ಮೊಮ್ಮಗಳು. ಕನ್ನಡದ ನಡುವ ಮರಾಠಿ ಬೆರಸಿ ಮಾತಾಡತಾಳ. ಗದ್ದ ನಮ್ಮಪ್ಪಂದು. ಗದ್ದ ನೋಡಿ ನಂಬೂದು ಹುಚ್ಚತನ ಅಂತ ನನಗೂ ಗೊತ್ತೈತಿ, ಅದಕ್ಕ ಕುಂತು ಒಂದೊಂದ ಕೇಳಿದೆ. ಅಜ್ಜಿ ಗಿರಣ್ಯಾಗ ರೀಲಿಂಗ್ ಖಾತೇದಾಗ ದುಡೀತಿದ್ಲಂತ. 1930ರಾಗ ಸೊಲ್ಲಾಪುರದಾಗ ಮಾರ್ಷಲ್ ಲಾ ಹಾಕಿದಾಗ ಎಳೆಕೂಸು ಕಟ್ಟಿಕೊಂಡು ಒಳಗ ಕುಂತದ್ದು ಹೇಳತಿದ್ಲಂತ, ಅಂದ್ರ ಅಷ್ಟೊತ್ತಿಗೆ ಆಕಿ ಅಲ್ಲಿದ್ಲು. ಹಿರೇ ಮಗಗ ತನ್ನ ಅಪ್ಪನ ಹೆಸರು ಇಟ್ಟಿದ್ಲು. ಅದು ನಮ್ಮ ಮುತ್ತಜ್ಜನ ಹೆಸರು. ಆಮ್ಯಾಲ ಆಕಿನ ತಾನಾಗಿ ಅಂದ್ಲು, "ನಮ್ಮ ಮನಿದೇವ್ರು ಬ್ಯಾರೆ. ಆದ್ರ ಆಜಿ ವರ್ಷಾ ಗೊಡಚಿ ವೀರಭದ್ರಗ ಮುಡಿಪು ಕಟ್ಟಿ ತಗದಿಡತಿತ್ತು. ಯಾಕಂತ ನಮಗ ಗೊತ್ತಿಲ್ಲ." ನಮ್ಮ ಮನಿದೇವ್ರು ಗೊಡಚಿ ವೀರಭದ್ರ. ಸಾವಿರಾರು ಮನಿಗೆ ಅವ ದೇವರು, ಒಂದರಿಂದ ಏನೂ ಸಿದ್ಧ ಆಗೂದಿಲ್ಲ. ಆದ್ರ ಹೆಸರು, ಊರು, ಮುತ್ತಜ್ಜನ ಹೆಸರು, ದೇವರು, ನಾಕೂ ಕೂಡಿದ ಮ್ಯಾಲ ನನಗ ಸಂಶೆ ಉಳಿದಿಲ್ಲ.

ಯಾವಾಗ ಹೋದ್ಲು ಅಂತ ಕೇಳಿದೆ. ಲೆಕ್ಕ ಹಾಕಿದ್ರ ಆಗ ನಾನು ಕನ್ನಡ ಸಾಲಿ ಆರನೇತ್ತ. ಅಂದ್ರ ನಾನು ಹುಟ್ಟಿ ಹನ್ನೊಂದು ವರ್ಷ ಆಕಿ ಇದ್ಲು, ಒಂದು ರಾತ್ರಿ ರೈಲಿನ ದಾರ್ಯಾಗ. ನಮ್ಮ ಅಜ್ಜ, ಆಕಿ ಬೆನ್ನಿಗೆ ಬಿದ್ದ ಅಣ್ಣ, ಆಗ ಇನ್ನೂ ಗಟ್ಟಿ ಇದ್ದ. ನಮ್ಮ ಆಯಿ ಹಿರೇರ ಹಬ್ಬದಾಗ ಎಡಿ ಹಿಡಿವಾಗ ಒಂದು ಎಲಿ ಬಾಜೂಕ ಹಾಕತಿದ್ಲು. "ಇದು ಯಾರಿಗೆ?" ಅಂದ್ರ "ಊರ ಬಿಟ್ಟವರಿಗೆ" ಅಂತಿದ್ಲು. ಯಾರೋ ಪರದೇಶಿಗಳಿಗೆ ಅಂತ ತಿಳಕೊಂಡಿದ್ದೆ.

ಬರಬೇಕಾದ್ರ ಆ ಮೊಮ್ಮಗಳು ಕೈ ಹಿಡದು, "ಬರಿ, ಆದ್ರ ಆಜಿ ಹೆಸರು ಹಾಕಬ್ಯಾಡ. ನಮ್ಮ ಸೊಸ್ಯಾರಿಗೆ ಉಡಿಕಿದ್ದು ಗೊತ್ತಿಲ್ಲ" ಅಂದ್ಲು. ಹೂಂ ಅಂದೆ. ಹೆಸರು ಹುಡುಕಿ ಹೋಗಿ ಹೆಸರು ಮುಚ್ಚಿಡೂ ಮಾತು ಕೊಟ್ಟು ಬಂದೆ, ಏನ ಮಾಡೂದು. ಮನಿಗೆ ಬಂದವರಿಗೆ ಬಾಯಿಲೆ ಹೇಳತೀನಿ.

ತಮ್ಮಗ ಎಲ್ಲಾ ಹೇಳಿದೆ. ಸುಮ್ಮನ ಕೇಳಿದ. ಆಮ್ಯಾಲ ಒಳಗ ಹೋಗಿ ಮನ್ಯಾಗ ಇಡೂ ವಂಶಾವಳ್ಯಾಗ ಮುತ್ತಜ್ಜನ ಕೆಳಗ ನಾಕನೇ ಟೊಂಗಿ ತಗದು ಆಕಿ ಹೆಸರು ಬರದ. ನಮ್ಮ ಸ್ವಾದರತ್ತಿ ಇಬ್ಬರ ಹೆಸರೂ ತಾನಾಗಿ ಸೇರಿಸಿದ, ನಾ ಹೇಳಿರಲಿಲ್ಲ. ಕಚೇರಿಗೆ ಕೊಡೂ ಪ್ರತಿ ಮಾತ್ರ ಹಳೇದ ಐತಿ.

ಹಕ್ಕು ಬಿಡುಗಡಿ ಪತ್ರಕ್ಕ ನಾನು ಇನ್ನೂ ಸಹಿ ಮಾಡಿಲ್ಲ. ನನ್ನ ಲಗ್ನ ಆದದ್ದು 1979ರಾಗ. 1994ರ ಕರ್ನಾಟಕದ ತಿದ್ದುಪಡಿ ಹೆಣ್ಣಿಗೆ ಪಾಲು ಕೊಟ್ಟಿತು, ಆದ್ರ ಅದಕ್ಕೂ ಮೊದಲ ಲಗ್ನ ಆದವರನ್ನ ಹೊರಗ ಇಟ್ಟಿತ್ತು. 2005ರ ಕೇಂದ್ರದ ತಿದ್ದುಪಡಿ ನನ್ನಂಥವರನ್ನೂ ಒಳಗ ತಗೊಂತು, 2020ರಾಗ ಸುಪ್ರೀಂ ಕೋರ್ಟ್ ಅದನ್ನ ಮತ್ತಷ್ಟು ಬಿಚ್ಚಿ ಹೇಳೇತಿ. ಹೊಲ ನನಗೇನು ಬೇಕಾಗಿಲ್ಲ ಅಂತ ಮೊದಲ ಸಲೀಸಾಗಿ ಅಂತಿದ್ದೆ. ಈಗ ಆ ಮಾತು ಬಾಯಿಗೆ ಬರವಲ್ದು. ತಂಗಿ ಸಹಿ ಮಾಡ್ಯಾಳ. ತಮ್ಮ ಕೇಳೂದು ಬಿಟ್ಟಾನ, ಫೋನೂ ಕಡಿಮಿ ಮಾಡ್ಯಾನ. ಯುಗಾದಿಗೆ ಹೋಗೂದೈತಿ, ಕುಂತು ಮಾತಾಡಬೇಕು.

ಕೊಡ ಈಗ ಸೊಲ್ಲಾಪುರದಾಗ ಐತಿ. ತಮ್ಮನ ಹೇಣ್ತಿನ ಕಲಾಯಿ ಮಾಡಿಸಿ, ಸಜ್ಜಿಯ ರೊಟ್ಟಿ ಕಟ್ಟಿ, ಅದರಾಗ ಎಳ್ಳು-ಬೆಲ್ಲ ತುಂಬಿ ನನ್ನ ಕೈಯಾಗ ಕೊಟ್ಟು ಕಳಿಸಿದ್ಲು. ನೆಗ್ಗಿದ್ದು ಹಂಗ ಬಿಟ್ಟಾಳ.